ಒಂದೇ ಮೇಜಿನಲ್ಲಿ ಲಿದ್ದಾ ಮತ್ತು ಬಾಗ್ದಾದ್

ಹುಬ್ಬಳ್ಳಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ನಾನು ಮದುವೆಯಾಗಿ ಅಮೆರಿಕದ ಫಾಸ್ಟರ್ ಸಿಟಿಗೆ ಬಂದಾಗ, ಪಾಸ್‌ಪೋರ್ಟಿನೊಳಗಿನ ವೀಸಾ ನನ್ನನ್ನು ಬರೀ ಹೆಂಡತಿ ಎಂದು ಗುರುತಿಸಿತ್ತು. ಎಚ್-ಫೋರ್ ಅಂದರೆ ಅಷ್ಟೇ. ಗಂಡನ ಜೊತೆ ಇರಬಹುದು, ಬೇಕಾದರೆ ಓದಬಹುದು, ಸಂಬಳಕ್ಕೆ ದುಡಿಯುವಂತಿಲ್ಲ. ನನ್ನ ಗಂಡ ಮೆನ್ಲೋ ಪಾರ್ಕಿನ ಡಾಟ್-ಕಾಮ್ ಕಂಪನಿಯೊಂದರಲ್ಲಿದ್ದರು. ಇದ್ದ ಒಂದೇ ಕಾರನ್ನು ಬೆಳಿಗ್ಗೆ ತೆಗೆದುಕೊಂಡು ಹೋದರೆ ಮರಳುತ್ತಿದ್ದದ್ದು ರಾತ್ರಿ ಊಟದ ಹೊತ್ತಿಗೆ. ಶನಿವಾರ, ಭಾನುವಾರ ಯಾರ ಮನೆಗೆ ಹೋದರೂ ಸ್ಟಾಕಿನ ಮಾತು, ಐಪಿಒ ಮಾತು. ನೀವೇನು ಮಾಡುತ್ತೀರಿ ಎಂದು ಯಾರಾದರೂ ನನ್ನನ್ನು ಕೇಳಿದರೆ, ಇತಿಹಾಸ ಕಲಿಸುತ್ತೇನೆ ಎಂದು ವರ್ತಮಾನ ಕಾಲದಲ್ಲೇ ಹೇಳುತ್ತಿದ್ದೆ. ಗಂಡ ನನ್ನ ಕಡೆ ನೋಡುತ್ತಿದ್ದರು. ನಾನು ತಿದ್ದಿಕೊಳ್ಳುತ್ತಿರಲಿಲ್ಲ.

ಮನೆಯಲ್ಲಿ ನಮ್ಮದು ಉರ್ದು. ಆದರೆ ತಮಾಷೆಗೂ ಜಗಳಕ್ಕೂ ಇಬ್ಬರಿಗೂ ಹುಬ್ಬಳ್ಳಿ ಕನ್ನಡವೇ ಬೇಕು. ಒಂದು ದಿನ ಲೈಬ್ರರಿಯ ಗೋಡೆಯ ಮೇಲೆ ಒಂದು ಪ್ರಕಟಣೆ ನೋಡಿದೆ. ವಯಸ್ಕರ ಶಾಲೆಯಲ್ಲಿ ಇಂಗ್ಲಿಷ್ ಕಲಿಯುತ್ತಿರುವವರ ಜೊತೆ ಕೂತು ಮಾತಾಡಲು ಸ್ವಯಂಸೇವಕರು ಬೇಕಾಗಿದ್ದರು. ಸಂಜೆ ಗಂಡನಿಗೆ ಹೇಳಿದೆ.

"ಪಗಾರ ಏನೂ ಕೊಡೂದಿಲ್ಲಲಾ?" ಎಂದರು.

"ಪಗಾರ ಕೊಟ್ರ ನಾ ಹೋಗಾಕ ಬರೂದಿಲ್ರೀ. ವೀಸಾ ಬಿಡಂಗಿಲ್ಲ."

"ಹಂಗಾದ್ರ ಹೋಗಿ ಬರ್ರೀ ಅಕ್ಕೋರ," ಎಂದು ನಕ್ಕರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಆ ಪದ ಕೇಳದೆ ಬಹಳ ದಿನವಾಗಿತ್ತು.

ಶಾಲೆಯ ತರಗತಿಗಳು ನಡೆಯುತ್ತಿದ್ದ ಕಟ್ಟಡಕ್ಕೆ ನಮ್ಮ ಅಪಾರ್ಟ್‌ಮೆಂಟಿನಿಂದ ಲಗೂನ್ ಎನ್ನುವ ಹಿನ್ನೀರಿನ ದಂಡೆ ಹಿಡಿದು ನಡೆದೇ ಹೋಗಬಹುದಿತ್ತು. ಅಲ್ಲಿಯ ಸಂಯೋಜಕಿ ನಡುವಯಸ್ಸಿನ ಅಮೆರಿಕನ್ ಮಹಿಳೆ. ನನಗೆ ಕಿಟಕಿ ಪಕ್ಕದ ಒಂದು ಮೇಜು ಕೊಟ್ಟರು. ಆ ಮೇಜಿನಲ್ಲಿ ಚೀನಾದವರು, ರಷ್ಯಾದವರು ಎಲ್ಲ ಇದ್ದರು. ಬಹುತೇಕ ಎಲ್ಲರೂ ಮಕ್ಕಳ ಮನೆಗೆ ಬಂದು ಉಳಿದ ಹಿರಿಯರು. ನಾನು ಹೇಳಬೇಕಾಗಿರುವುದು ಅವರಲ್ಲಿ ಇಬ್ಬರ ವಿಷಯ.

ಒಬ್ಬರು ಅಮ್ಮಾನಿನಲ್ಲಿ ನಿರಾಶ್ರಿತರ ಮಕ್ಕಳಿಗೆ ಅರಬ್ಬಿ ಕಲಿಸಿ ನಿವೃತ್ತರಾಗಿ, ಮಗಳ ಮನೆಗೆ ಬಂದಿದ್ದ ಪ್ಯಾಲೆಸ್ತೀನಿ ಮಹಿಳೆ. ಅವರನ್ನು ಟೀಚರಮ್ಮ ಎನ್ನುತ್ತೇನೆ. ಇನ್ನೊಬ್ಬರು ಫ್ರಿಜ್ ರಿಪೇರಿ ಮಾಡಿ ಮಕ್ಕಳನ್ನು ಓದಿಸಿದವರು. ಹೆಂಡತಿ ತೀರಿಕೊಂಡ ಮೇಲೆ ಸಾಫ್ಟ್‌ವೇರ್ ಎಂಜಿನಿಯರ್ ಮಗನ ಮನೆಗೆ ಬಂದಿದ್ದರು. ಅವರನ್ನು ಮೆಕ್ಯಾನಿಕ್ ಎನ್ನುತ್ತೇನೆ. ಇಬ್ಬರಿಗೂ ಅರವತ್ತರ ಆಸುಪಾಸು. ಊರು ಯಾವುದು ಎಂದು ಕೇಳಿದಾಗ ಮೆಕ್ಯಾನಿಕ್ ಬಾಗ್ದಾದ್ ಎಂದಿದ್ದರು. ಟೀಚರಮ್ಮನಿಗೆ ಖುಷಿಯಾಯಿತು. ಮೊದಲ ಕೆಲವು ವಾರ ಇಬ್ಬರೂ ಅರಬ್ಬಿಯಲ್ಲಿ ಹರಟುತ್ತಲೇ ಇದ್ದರು. ಮೆಕ್ಯಾನಿಕ್ ಆಡುವ ಬಾಗ್ದಾದಿನ ಅರಬ್ಬಿಗೆ ಟೀಚರಮ್ಮ ನಗುತ್ತಿದ್ದರು, ಶಾಲೆಯ ಮಗುವಿಗೆ ತಿದ್ದುವಂತೆ ತಿದ್ದುತ್ತಿದ್ದರು. "ಇಂಗ್ಲಿಷ್, ಇಂಗ್ಲಿಷ್" ಎಂದು ನಾನು ಮೇಜು ಬಡಿಯಬೇಕಾಗುತ್ತಿತ್ತು.

ಭೂತಕಾಲದ ಪಾಠ ಬಂದಾಗ ಅದೆಲ್ಲ ನಿಂತಿತು. ಎಲ್ಲಿ ಹುಟ್ಟಿದಿರಿ, ಎಲ್ಲಿ ಬೆಳೆದಿರಿ ಎಂದು ಪ್ರತಿಯೊಬ್ಬರೂ ಹೇಳಬೇಕಿತ್ತು. ಮೆಕ್ಯಾನಿಕ್ ತಮ್ಮ ಮುರುಕು ಇಂಗ್ಲಿಷಿನಲ್ಲಿ ಹೇಳಿದರು: "ನಾನು ಬಾಗ್ದಾದಿನಲ್ಲಿ ಹುಟ್ಟಿದೆ. ಹುಡುಗ ಇದ್ದಾಗ ವಿಮಾನ ಹತ್ತಿದೆ. ಲೋದ್‌ನಲ್ಲಿ ಇಳಿದೆ. ಇಸ್ರೇಲಿನಲ್ಲಿ ಬೆಳೆದೆ."

ಟೀಚರಮ್ಮ ಅವರ ಮುಖ ನೋಡಿದರು. "ಎಲ್ಲಿ ಇಳಿದಿರಿ?"

ಮೆಕ್ಯಾನಿಕ್ ಈ ಸಲ ಅರಬ್ಬಿಯಲ್ಲಿ ಆ ಊರ ಹೆಸರು ಹೇಳಿದರು. ಹಳೆಯ ಇಂಗ್ಲಿಷ್ ನಕ್ಷೆಗಳಲ್ಲಿ ಲಿದ್ದಾ ಎಂದು ಕಾಣುವ, ಇಸ್ರೇಲಿನವರು ಲೋದ್ ಎನ್ನುವ ಊರು.

"ಅದು ನನ್ನೂರು," ಎಂದರು ಟೀಚರಮ್ಮ. ಪೆನ್ನಿಗೆ ಮುಚ್ಚಳ ಹಾಕಿ, ಚೀಲ ತೆಗೆದುಕೊಂಡು ಎದ್ದು ಹೋದರು. ಮುಂದಿನ ತರಗತಿಗೆ ಬಂದವರು ದೂರದ ಇನ್ನೊಂದು ಮೇಜಿನಲ್ಲಿ ಕುಳಿತರು.

ಆ ದಿನ ಕಾರಿಡಾರಿನಲ್ಲಿ ನನ್ನನ್ನು ತಡೆದು ಸಲಾಂ ಹೇಳಿದರು. ನಾನು ತಲೆಯ ಮೇಲೆ ದುಪಟ್ಟಾ ಹೊದೆಯುತ್ತೇನೆ. ಅದರ ಅಂಚನ್ನು ಮೆಲ್ಲಗೆ ಮುಟ್ಟಿ, "ನೀನು ನಮ್ಮವಳು. ಅವನನ್ನು ನನ್ನ ಎದುರಿಗೆ ಹೇಗೆ ಕೂರಿಸಿದೆ?" ಎಂದು ಕೇಳಿದರು.

ತರಗತಿ ಮುಗಿದ ಮೇಲೆ ಮೆಕ್ಯಾನಿಕ್ ಕೂಡ ಹಿಂದೆ ಉಳಿದರು. "ಟೀಚರ್, ನೀವು ಮುಸ್ಲಿಂ, ನಾನು ಯೆಹೂದ್ಯ. ನೇರವಾಗಿ ಹೇಳಿ, ನಾನು ಬೇರೆ ಮೇಜಿಗೆ ಹೋಗಬೇಕೇ?"

ಇಬ್ಬರಿಗೂ ನಾನು ಹೇಳಿದ್ದು ಒಂದೇ ಮಾತು: "ನಾನು ಮುಸ್ಲಿಂ ಹೌದು. ಈ ಕೋಣೆಯಲ್ಲಿ ನಾನು ನಿಮ್ಮ ಟೀಚರ್. ನಿಮ್ಮ ಕುರ್ಚಿ ನನ್ನ ಮೇಜಿನಲ್ಲೇ ಇರುತ್ತದೆ." ಹೇಳುವಾಗ ನನ್ನ ದನಿ ಗಟ್ಟಿಯಾಗಿತ್ತು. ಬೆನ್ನು ನೆಟ್ಟಗಾದದ್ದು ನನಗೇ ಗೊತ್ತಾಯಿತು. ದೇಶ ಬಿಟ್ಟ ಮೇಲೆ ಹಾಗೆ ನಿಂತಿದ್ದು ಅದೇ ಮೊದಲು.

ಹುಬ್ಬಳ್ಳಿಯಲ್ಲಿ ಈ ಸಂಘರ್ಷವನ್ನು ನಾನು ಹತ್ತು ಅಂಕದ ಪ್ರಶ್ನೆಯಾಗಿ ಕಲಿಸಿದ್ದೆ. ತುರ್ಕರ ಆಳ್ವಿಕೆ, ಬ್ರಿಟಿಷರ ವಾಗ್ದಾನ, ಯುರೋಪಿನಲ್ಲಿ ಯೆಹೂದ್ಯರ ನರಮೇಧ, ಪ್ಯಾಲೆಸ್ತೀನಿನ ವಿಭಜನೆ, ನಲವತ್ತೆಂಟರ ಯುದ್ಧ, ಅರವತ್ತೇಳರ ಯುದ್ಧ. ಕಾರಣಗಳು, ಪರಿಣಾಮಗಳು, ಕೆಳಗೆ ಒಂದು ಗೆರೆ. ಈಗ ಆ ಪ್ರಶ್ನೆಯ ಎರಡು ತುಂಡುಗಳು ನನ್ನ ಎದುರಿಗೆ ಕೂತು ಕ್ರಿಯಾಪದ ಕಲಿಯುತ್ತಿದ್ದವು. ಲೈಬ್ರರಿಯಿಂದ ತೋಳು ನೋಯುವಷ್ಟು ಪುಸ್ತಕ ಹೊತ್ತು ತಂದೆ. ಓದುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ಪ್ರತಿ ಪುಸ್ತಕವೂ ಬೇರೆ ಬೇರೆ ವರ್ಷದಿಂದ ಕಥೆ ಶುರು ಮಾಡುತ್ತಿತ್ತು. ಯಾರು ಎಲ್ಲಿಂದ ಶುರು ಮಾಡಿದ್ದಾರೆ ಎಂದು ನೋಡಿದರೆ, ಕೊನೆಗೆ ಯಾರ ಪರ ತೀರ್ಪು ಕೊಡುತ್ತಾರೆ ಎಂದು ಮೊದಲ ಪುಟದಲ್ಲೇ ಹೇಳಬಹುದಿತ್ತು. ನಲವತ್ತೆಂಟು ಒಬ್ಬರಿಗೆ ಸ್ವಾತಂತ್ರ್ಯದ ವರ್ಷ. ಇನ್ನೊಬ್ಬರು ಅದನ್ನು ಮಹಾ ವಿಪತ್ತು ಎನ್ನುತ್ತಾರೆ.

ಟೀಚರಮ್ಮ ಕೆಲವು ವಾರಗಳಲ್ಲಿ ನಮ್ಮ ಮೇಜಿಗೆ ಮರಳಿದರು. ಇನ್ನೊಂದು ಮೇಜಿನ ಸ್ವಯಂಸೇವಕಿ ತಪ್ಪುಗಳನ್ನು ತಿದ್ದುವುದಿಲ್ಲ, ಎಲ್ಲದಕ್ಕೂ 'ಗುಡ್, ಗುಡ್' ಎನ್ನುತ್ತಾಳೆ ಎಂಬುದು ಅವರು ಕೊಟ್ಟ ಕಾರಣ. ಮೆಕ್ಯಾನಿಕ್ ಕುರ್ಚಿಯಿಂದ ಅರ್ಧ ಎದ್ದು ನಿಂತರು. ಟೀಚರಮ್ಮ ತಲೆಯಾಡಿಸಿ ಮೇಜಿನ ಇನ್ನೊಂದು ತುದಿಗೆ ಕೂತರು. ಅರಬ್ಬಿ ಹರಟೆ ಮತ್ತೆ ಶುರುವಾಗಲಿಲ್ಲ. ಇಬ್ಬರೂ ನನ್ನ ಮುಖ ನೋಡಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು.

ಅದು ಎರಡು ಸಾವಿರದ ಇಸವಿ. ಆ ವರ್ಷ ಇಲ್ಲಿ ಎಲೆ ಉದುರುವ ಕಾಲಕ್ಕೆ ಜೆರುಸಲೇಮಿನಲ್ಲಿ ಗಲಭೆ ಶುರುವಾಗಿ ಎಲ್ಲ ಕಡೆ ಹಬ್ಬಿತು. ಟಿವಿಯಲ್ಲಿ ದಿನವೂ ಕಲ್ಲು, ಟ್ಯಾಂಕು, ಹೆಣ. ಟೀಚರಮ್ಮನ ತಮ್ಮ ರಾಮಲ್ಲಾದಲ್ಲಿದ್ದ. ಮೆಕ್ಯಾನಿಕ್‌ನ ಅಕ್ಕ ಹೈಫಾದಲ್ಲಿದ್ದಳು, ಬಸ್ಸು ಹತ್ತಲು ಹೆದರುತ್ತಿದ್ದಳು. ಇಬ್ಬರೂ ನಿದ್ದೆಗೆಟ್ಟ ಕಣ್ಣುಗಳಲ್ಲಿ ತರಗತಿಗೆ ಬರುತ್ತಿದ್ದರು. ಸಂಯೋಜಕಿ ನನ್ನನ್ನು ಆಫೀಸಿಗೆ ಕರೆದರು.

"ನಿಮ್ಮ ಮೇಜಿನಲ್ಲಿ ಆ ವಿಷಯ ಬೇಡ," ಎಂದರು. "ಹವಾಮಾನ, ಅಡುಗೆ, ಮೊಮ್ಮಕ್ಕಳು, ಅಷ್ಟು ಸಾಕು."

"ಅವರಿಗೆ ಭೂತಕಾಲ ಕಲಿಸುತ್ತಿದ್ದೇನೆ," ಎಂದೆ. "ಅವರ ಹತ್ತಿರ ಇರುವ ಭೂತಕಾಲ ಅದೇ. ಅದನ್ನು ಬಿಟ್ಟು ಮಾತಾಡಿ ಅಂದರೆ ಅವರು ಮೊಮ್ಮಕ್ಕಳ ಬಗ್ಗೆ ಸುಳ್ಳು ನಗು ನಗಬೇಕಾಗುತ್ತದೆ."

"ಜಗಳವಾದರೆ?"

"ಒಂದು ನಿಯಮ ಹಾಕುತ್ತೇನೆ. ತನಗೆ ಆದದ್ದನ್ನು ಮಾತ್ರ ಹೇಳಬೇಕು. 'ಅವರು ಯಾವಾಗಲೂ ಹೀಗೆಯೇ' ಎಂಬ ವಾಕ್ಯಕ್ಕೆ ನನ್ನ ಮೇಜಿನಲ್ಲಿ ಜಾಗ ಇಲ್ಲ."

ಸಂಬಳವಿಲ್ಲದ ನಾನು ಅಷ್ಟು ದಿಟ್ಟವಾಗಿ ಮಾತಾಡುತ್ತೇನೆಂದು ಅವರೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಕೊನೆಗೆ, ನಿಮ್ಮ ಜವಾಬ್ದಾರಿ ಎಂದು ಒಪ್ಪಿದರು.

ಟರ್ಮಿನ ಕೊನೆಗೆ ಹಾಲ್‌ನಲ್ಲಿ ಒಂದು ಕಾರ್ಯಕ್ರಮ ಇರುತ್ತಿತ್ತು. ಪ್ರತಿ ಮೇಜಿನವರೂ ಜೋಡಿಯಾಗಿ ನಿಂತು, ಒಬ್ಬೊಬ್ಬರೂ ತಮ್ಮ ಜೊತೆಗಾರರ ಬದುಕನ್ನು ಇಂಗ್ಲಿಷಿನಲ್ಲಿ ಹೇಳಬೇಕು. ನಾನು ಜಾಣತನದಿಂದ ಟೀಚರಮ್ಮನಿಗೆ ಚೀನಾದ ಅಜ್ಜಿಯನ್ನು ಜೋಡಿ ಹಾಕಿದೆ.

"ಬೇಡ," ಎಂದರು ಟೀಚರಮ್ಮ, ಮೇಜಿನ ತುದಿಯಿಂದ. "ನನ್ನ ಕಥೆಯನ್ನು ಇವರು ಹೇಳಲಿ. ಇವರ ಬಾಯಿಂದ ನಾನು ಅದನ್ನು ಕೇಳಬೇಕು."

ಎಲ್ಲರೂ ಮೆಕ್ಯಾನಿಕ್ ಕಡೆ ತಿರುಗಿದರು. ಅವರು ನೋಟ್‌ಬುಕ್ಕಿನ ಹೊಸ ಹಾಳೆ ತೆರೆದರು. "ಸರಿ. ಆದರೆ ನನ್ನದನ್ನು ಅವರು ಹೇಳಬೇಕು."

ಹೀಗೆ ಇಬ್ಬರೂ ಮತ್ತೆ ಎದುರುಬದುರು ಕೂತು ಒಬ್ಬರನ್ನೊಬ್ಬರು ಪ್ರಶ್ನೆ ಕೇಳತೊಡಗಿದರು. ಟೀಚರಮ್ಮನ ತಂದೆ ಲಿದ್ದಾದ ರೈಲ್ವೆಯಲ್ಲಿ ನೌಕರ. ಅವರು ಶಾಲೆಗೆ ಹೋಗುತ್ತಿದ್ದ ಸಣ್ಣ ಹುಡುಗಿಯಾಗಿದ್ದಾಗ, ನಲವತ್ತೆಂಟರ ಜುಲೈ ಬಿಸಿಲಿನಲ್ಲಿ, ಊರಿಗೆ ಊರೇ ರಾಮಲ್ಲಾದ ಕಡೆ ನಡೆಯಿತು. ನೀರಿರಲಿಲ್ಲ. ಅಜ್ಜಿ ದಾರಿಯಲ್ಲಿ ಕೂತವಳು ಏಳಲಿಲ್ಲ. ಅವಳನ್ನು ಅಲ್ಲೇ ಕಲ್ಲುಗಳ ಕೆಳಗೆ ಮಲಗಿಸಿ ಮುಂದೆ ನಡೆದರು. ಮೆಕ್ಯಾನಿಕ್‌ನ ತಂದೆಗೆ ಬಾಗ್ದಾದಿನಲ್ಲಿ ಬಟ್ಟೆ ಅಂಗಡಿ. ಮೆಕ್ಯಾನಿಕ್ ಹಸುಳೆಯಾಗಿದ್ದಾಗಲೇ ಯೆಹೂದ್ಯರ ಮೇಲೆ ನಡೆದ ದಾಳಿಯಲ್ಲಿ ಸೋದರಮಾವನನ್ನು ಕೊಂದಿದ್ದರು. ಕೆಲವು ವರ್ಷದ ಮೇಲೆ ಪೌರತ್ವ ಹೋಯಿತು, ಅಂಗಡಿ ಹೋಯಿತು, ಕುಟುಂಬಕ್ಕೆ ಉಳಿದದ್ದು ಬಟ್ಟೆಯ ಪೆಟ್ಟಿಗೆ. ಲೋದ್‌ನಲ್ಲಿ ವಿಮಾನ ಇಳಿದ ಕೂಡಲೇ ಅವರ ಮೈಮೇಲೆ ಕೀಟನಾಶಕದ ಪುಡಿ ಸುರಿದರು. ಆಮೇಲೆ ವರ್ಷಗಟ್ಟಲೆ ಡೇರೆ. ಮಳೆ ಬಂದರೆ ಹಾಸಿಗೆಯವರೆಗೆ ಕೆಸರು. ಬೀದಿಯಲ್ಲಿ ಅರಬ್ಬಿ ಮಾತಾಡಬೇಡ, ಜನ ನಗುತ್ತಾರೆ ಎಂದು ಅಪ್ಪ ಬೈಯುತ್ತಿದ್ದರು.

ಕಾರ್ಯಕ್ರಮದ ಹಿಂದಿನ ವಾರ ಅಭ್ಯಾಸ. ಮೆಕ್ಯಾನಿಕ್ ಎದ್ದು ನಿಂತು ಶುರು ಮಾಡಿದರು.

"ಇವರು ಲಿದ್ದಾದಲ್ಲಿ ಹುಟ್ಟಿದರು. ಇವರ ತಂದೆ ರೈಲ್ವೆಯಲ್ಲಿದ್ದರು. ಯುದ್ಧ ಬಂತು. ಇವರ ಕುಟುಂಬ ಊರು ಬಿಟ್ಟಿತು."

"ಇಲ್ಲ," ಎಂದರು ಟೀಚರಮ್ಮ. "ನಾವು ಬಿಡಲಿಲ್ಲ."

ನನ್ನ ಹತ್ತಿರ ಉಪಾಯವಿದೆ ಅನ್ನಿಸಿತು. ಬೋರ್ಡಿನ ಮೇಲೆ ಕರ್ಮಣಿ ಪ್ರಯೋಗದಲ್ಲಿ ಬರೆದೆ: ಅವರು ಊರಿನಿಂದ ಹೊರದೂಡಲ್ಪಟ್ಟರು. ಯಾರಿಗೂ ನೋವಾಗದ ವಾಕ್ಯ ಎಂದುಕೊಂಡೆ.

ಟೀಚರಮ್ಮ ಅದನ್ನು ಓದಿದರು. "ಈ ಪ್ರಯೋಗಕ್ಕೆ ಅರಬ್ಬಿ ವ್ಯಾಕರಣದಲ್ಲಿ ಏನು ಹೆಸರು ಗೊತ್ತೆ?"

ಗೊತ್ತಿತ್ತು. ಉರ್ದುವಿನಲ್ಲೂ ಅದೇ ಹೆಸರು. "ಮಜಹೂಲ್," ಎಂದೆ.

"ಅಂದರೆ, ಮಾಡಿದವರು ಯಾರೆಂದು ತಿಳಿಯದ್ದು," ಎಂದು ಅವರು ಮೇಜಿನ ಉಳಿದವರಿಗೆ ಬಿಡಿಸಿ ಹೇಳಿದರು. "ನಾನು ವರ್ಷಗಟ್ಟಲೆ ಮಕ್ಕಳಿಗೆ ಇದನ್ನು ಕಲಿಸಿದ್ದೇನೆ. ಆದರೆ ನನಗೆ ತಿಳಿದಿದೆ. ನಾನು ಅವರ ಬಂದೂಕು ನೋಡಿದ್ದೇನೆ. ಈ ವಾಕ್ಯ ನನಗೆ ಬೇಡ."

ಮೆಕ್ಯಾನಿಕ್ ಕೂತುಬಿಟ್ಟರು. "ಆಗ ನಾನು ಬಾಗ್ದಾದಿನಲ್ಲಿದ್ದೆ. ನಾನೇನೂ ಮಾಡಿಲ್ಲ."

"ನೀವು ಮಾಡಿದಿರಿ ಎಂದು ನಾನು ಹೇಳಲಿಲ್ಲ. ವಾಕ್ಯಕ್ಕೆ ಕರ್ತೃ ಬೇಕು ಎಂದೆ."

ನಾನು ಬಾಯಿ ಹಾಕಲಿಲ್ಲ. ತರಗತಿಯಲ್ಲಿ ಯಾವಾಗ ಸುಮ್ಮನಿರಬೇಕು ಎಂಬುದು ಪುಸ್ತಕ ಓದಿ ಬರುವುದಿಲ್ಲ, ಅದು ನನಗೆ ಹುಬ್ಬಳ್ಳಿಯಲ್ಲಿ ಕಲಿಸುತ್ತಲೇ ಬಂದದ್ದು.

"ಸೈನಿಕರು ಇವರನ್ನು ಓಡಿಸಿದರು," ಎಂದರು ಮೆಕ್ಯಾನಿಕ್.

"ಯಾವ ಸೈನಿಕರು?"

"ಆ ಸೈನ್ಯದಲ್ಲಿ ನಾನೂ ಇದ್ದೆ, ದೊಡ್ಡವನಾದ ಮೇಲೆ. ನನ್ನ ಮಗನೂ ಇದ್ದ." ಅವರು ಯಾರನ್ನೂ ನೋಡದೆ ಹೇಳಿದರು. ಆಮೇಲೆ ಎದ್ದು ನಿಂತರು. "ನಮ್ಮ ಸೈನಿಕರು ಇವರನ್ನು ಊರಿನಿಂದ ಓಡಿಸಿದರು."

ಟೀಚರಮ್ಮ ತಲೆಯಾಡಿಸಿ, ತಮ್ಮ ಸರದಿಗೆ ಎದ್ದರು. "ಇವರು ಬಾಗ್ದಾದಿನಲ್ಲಿ ಹುಟ್ಟಿದರು. ಆಮೇಲೆ ಇಸ್ರೇಲಿಗೆ ಹೋದರು."

"ಹೋದರು?" ಎಂದರು ಮೆಕ್ಯಾನಿಕ್. "ಪಿಕ್‌ನಿಕ್ಕಿಗೆ ಹೋದೆವಾ?"

ಟೀಚರಮ್ಮನ ಕೆನ್ನೆ ಕೆಂಪಾಯಿತು. ಇರಾಕ್ ಎಂದರೆ ಅವರ ಭಾಷೆಯಾಡುವ, ಅವರ ಧರ್ಮದ ಜನ ಆಳಿದ ದೇಶ. ವಾಕ್ಯ ತಿದ್ದಿಕೊಂಡು ಹೇಳಿದರು: "ಇರಾಕಿನ ಸರಕಾರ ಇವರ ಪೌರತ್ವ ಕಿತ್ತುಕೊಂಡಿತು. ಇವರ ಅಂಗಡಿಯನ್ನು ಕಿತ್ತುಕೊಂಡಿತು. ನಮ್ಮ ಜನ, ಅರಬರು, ಇವರ ಮಾವನನ್ನು ಕೊಂದರು." ಅಷ್ಟು ಹೇಳಿ ನಿಲ್ಲಿಸಲಿಲ್ಲ. ಮೆಕ್ಯಾನಿಕ್‌ನ ಕಡೆ ತಿರುಗಿದರು. "ಆದರೆ ನಿಮ್ಮ ಅಂಗಡಿಗೆ ನನ್ನ ಅಪ್ಪ ಬೀಗ ಹಾಕಲಿಲ್ಲ. ಅದಕ್ಕೆ ನನ್ನ ಮನೆ ಯಾಕೆ ಹೋಗಬೇಕಿತ್ತು?"

"ಅವರು ಹಾಕಲಿಲ್ಲ, ನಿಜ," ಎಂದರು ಮೆಕ್ಯಾನಿಕ್. "ಡೇರೆಯಲ್ಲಿದ್ದ ಆ ಹುಡುಗನಿಗೆ ಹೋಗಲು ಬೇರೆ ಊರೂ ಇರಲಿಲ್ಲ."

ಎಲ್ಲ ಪುಸ್ತಕಗಳನ್ನು ಓದಿದ ಮೇಲೂ ನನಗೆ ಅರ್ಥವಾಗದೆ ಉಳಿದದ್ದು ಆ ಎರಡು ಮಾತಿನಲ್ಲಿ ಅರ್ಥವಾಯಿತು. ಇಬ್ಬರೂ ನಿಜ ಹೇಳುತ್ತಿದ್ದರು. ಒಬ್ಬರ ನಿಜ ಇನ್ನೊಬ್ಬರದನ್ನು ಅಳಿಸುವುದಿಲ್ಲ. ಎರಡೂ ಒಂದೇ ತೂಕ ಎಂದು ನಾನು ಹೇಳುತ್ತಿಲ್ಲ. ಮೆಕ್ಯಾನಿಕ್‌ಗೆ ಈಗ ಒಂದು ದೇಶವಿತ್ತು, ಅದನ್ನು ಕಾಯಲು ಸೈನ್ಯವಿತ್ತು. ಟೀಚರಮ್ಮ ತಾನು ಹುಟ್ಟಿದ ಊರಿಗೆ ಹೋಗಬೇಕಾದರೆ ಇನ್ನೊಬ್ಬರ ಅಪ್ಪಣೆ ಕೇಳಿ, ಕೊಟ್ಟರೆ ಪ್ರವಾಸಿಯಾಗಿ ಹೋಗಬೇಕಿತ್ತು. ಅವರ ತಮ್ಮ ರಸ್ತೆಗೆ ಇಳಿಯಲು ಆ ಸೈನ್ಯವನ್ನೇ ಕೇಳಬೇಕಿತ್ತು. ಆದರೆ ಹೈಫಾದ ಅಕ್ಕನ ಭಯವೂ ಸುಳ್ಳಲ್ಲ. ಹತ್ತು ಅಂಕದ ಉತ್ತರದಲ್ಲಿ ಇದನ್ನು ಬರೆಯಲು ನನ್ನ ವಿದ್ಯಾರ್ಥಿಗಳಿಗೆ ನಾನು ಎಂದೂ ಜಾಗ ಕೊಟ್ಟಿರಲಿಲ್ಲ.

ಕಾರ್ಯಕ್ರಮದ ಸಂಜೆ ಹಾಲ್ ತುಂಬಿತ್ತು. ನನ್ನ ಗಂಡ ಮೀಟಿಂಗು ಬಿಟ್ಟು ಬಂದಿದ್ದರು. ಮೆಕ್ಯಾನಿಕ್‌ನ ಮಗ ಕಂಪನಿಯ ಟೀ ಶರ್ಟಿನಲ್ಲೇ ಬಂದು ಹಿಂದಿನ ಸಾಲಿನಲ್ಲಿ ನಿಂತಿದ್ದ. ಟೀಚರಮ್ಮನ ಮಗಳು ಮುಂದಿನ ಸಾಲಿನಲ್ಲಿದ್ದಳು. ಮೆಕ್ಯಾನಿಕ್ ಲಿದ್ದಾ, ರೈಲ್ವೆ, ಶಾಲೆ ಎಲ್ಲ ಹೇಳಿ ಯುದ್ಧಕ್ಕೆ ಬಂದಾಗ ಸಭೆಯ ಮಧ್ಯದಿಂದ ಯಾರೋ ಒಬ್ಬರು ಎದ್ದು, "ಇದು ಇಂಗ್ಲಿಷ್ ತರಗತಿಯೋ ರಾಜಕೀಯವೋ?" ಎಂದು ಗಟ್ಟಿಯಾಗಿ ಕೇಳಿದರು.

ನಾನು ಏಳುವ ಮೊದಲೇ ಸಂಯೋಜಕಿ ಎದ್ದರು. "ಇದು ಅವರ ಬದುಕು," ಎಂದರು. "ದಯವಿಟ್ಟು ಕುಳಿತುಕೊಳ್ಳಿ." ಮೆಕ್ಯಾನಿಕ್ ಕಡೆ ತಿರುಗಿ, "ಮುಂದುವರಿಸಿ," ಎಂದರು.

ಮೆಕ್ಯಾನಿಕ್ ಒಮ್ಮೆ ಹಿಂದಿನ ಸಾಲಿನಲ್ಲಿದ್ದ ಮಗನನ್ನು ನೋಡಿದರು. "ನಮ್ಮ ಸೈನಿಕರು ಇವರನ್ನು ಊರಿನಿಂದ ಓಡಿಸಿದರು," ಎಂದರು. ಪ್ರತಿ ಪದಕ್ಕೂ ಟೀಚರಮ್ಮನ ತುಟಿ ಅಲುಗುತ್ತಿತ್ತು, ಪಾಠ ಒಪ್ಪಿಸುವ ವಿದ್ಯಾರ್ಥಿಯ ಜೊತೆ ತಾನೂ ಹೇಳುವ ಟೀಚರಿನಂತೆ. ದಾರಿಯಲ್ಲಿ ತೀರಿಕೊಂಡ ಅಜ್ಜಿಯ ಹೆಸರು ಬಂದಾಗ ಟೀಚರಮ್ಮನ ಮಗಳು ಮುಖ ಮುಚ್ಚಿಕೊಂಡಳು. ಆಮೇಲೆ ಟೀಚರಮ್ಮ ಬಾಗ್ದಾದಿನ ಬಗ್ಗೆ ಹೇಳಿದರು. ಒಂದು ಕ್ರಿಯಾಪದವೂ ತಪ್ಪಲಿಲ್ಲ. "ಅರಬರು ಇವರ ಮಾವನನ್ನು ಕೊಂದರು" ಎನ್ನುವಾಗ ದನಿ ತಗ್ಗಿಸಲಿಲ್ಲ. ಅವರು ಮುಗಿಸಿದರು. ಮೊದಲು ಚೀನಾದ ಅಜ್ಜಿ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ.

ನನಗೆ ಆಗ ಆದ ಹೆಮ್ಮೆಯನ್ನು ಇವತ್ತೂ ಮುಚ್ಚಿಡಬೇಕೆಂದು ಅನ್ನಿಸುವುದಿಲ್ಲ. ಅವರ ಬಗ್ಗೆ ಹೆಮ್ಮೆ, ಮೊದಲು. ತಮ್ಮ ಜನ ಮಾಡಿದ್ದನ್ನು ತಮ್ಮ ಬಾಯಿಂದ, ಹೊಸದಾಗಿ ಕಲಿತ ಭಾಷೆಯಲ್ಲಿ, ತುಂಬಿದ ಸಭೆಯಲ್ಲಿ ಹೇಳುವುದು ಸಾಮಾನ್ಯದ ಕೆಲಸವಲ್ಲ. ನನ್ನ ಬಗ್ಗೆಯೂ ಹೆಮ್ಮೆ. ಆ ಮೇಜನ್ನು ನಾನು ಒಡೆಯಲು ಬಿಟ್ಟಿರಲಿಲ್ಲ.

ಮೆಕ್ಯಾನಿಕ್‌ನ ಮಗ ನೇರವಾಗಿ ನನ್ನ ಹತ್ತಿರ ಬಂದ. "ನೀವು ನನ್ನಪ್ಪನ ಬಾಯಿಂದ ಇದನ್ನು ಹೇಳಿಸಿದಿರಿ," ಎಂದ. ಅವನಿಗೆ ಸಿಟ್ಟು ಬಂದಿತ್ತು.

ನಾನು ಉತ್ತರ ಕೊಡುವಷ್ಟರಲ್ಲಿ ಅವರಪ್ಪ ಬಂದು ಅವನ ತೋಳು ಹಿಡಿದರು. "ಯಾರೂ ಹೇಳಿಸಲಿಲ್ಲ. ನಾನೇ ಬರೆದೆ," ಎಂದರು ಇಂಗ್ಲಿಷಿನಲ್ಲಿ. "ಭೂತಕಾಲ ಸರಿಯಾಗಿತ್ತಲ್ಲ?"

ಟೀಚರಮ್ಮ, ಮೆಕ್ಯಾನಿಕ್ ಇಬ್ಬರೂ ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ಟೀಚರಮ್ಮ ಹೋಗುವಾಗ ಮೆಕ್ಯಾನಿಕ್‌ಗೆ ಅರಬ್ಬಿಯಲ್ಲಿ ಏನೋ ಹೇಳಿದರು, ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು. ಏನು ಹೇಳಿದಿರಿ ಎಂದು ಬಾಗಿಲಲ್ಲಿ ಕೇಳಿದೆ. "ನನ್ನ ಅಜ್ಜಿಯ ಹೆಸರನ್ನು ಸರಿಯಾಗಿ ಉಚ್ಚರಿಸಿದಿರಿ ಎಂದೆ," ಎಂದರು.

ಗಂಡ ಕಾರು ಶುರು ಮಾಡಿದರು. ಆಮೇಲೆ, "ನಮ್ಮ ಆಫೀಸಿನ್ಯಾಗ ದೊಡ್ಡ ದೊಡ್ಡ ಮಂದಿ ಮೀಟಿಂಗ್ ಮಾಡ್ತಾರ, ನಿನ್ನಂಗ ಯಾರೂ ಮಾಡಂಗಿಲ್ಲ ಬಿಡು," ಎಂದರು. ಅವರು ಸುಮ್ಮನೆ ಹೊಗಳುವ ಪೈಕಿ ಅಲ್ಲ.

ಮುಂದಿನ ವರ್ಷ ಡಾಟ್-ಕಾಮ್ ಗುಳ್ಳೆ ಒಡೆಯಿತು. ಮೆಕ್ಯಾನಿಕ್‌ನ ಮಗನ ಕಂಪನಿ ಮುಚ್ಚಿ, ಅಪ್ಪ ಮಗ ಇಬ್ಬರೂ ಇಸ್ರೇಲಿಗೆ ಮರಳಿದರು. ನನ್ನ ಗಂಡನ ಕೆಲಸವೂ ಹೋಗಿ, ಬಹಳ ಓಡಾಟದ ಮೇಲೆ ಇನ್ನೊಂದು ಸಿಕ್ಕಿತು. ಟೀಚರಮ್ಮ ನನ್ನ ಮೇಜಿನಲ್ಲೇ ಉಳಿದರು. ಹೊಸಬರು ಬಂದರೆ ಅವರೇ ಅರ್ಧ ಪಾಠ ಮಾಡಿಬಿಡುತ್ತಿದ್ದರು. ಸಂಯೋಜಕಿ ಬೇರೆ ಸ್ವಯಂಸೇವಕರಿಗೆ ತರಬೇತಿ ಕೊಡಲು ನನ್ನನ್ನು ಕರೆದರು. ಗ್ರೀನ್ ಕಾರ್ಡ್ ಬಂದ ಮೇಲೆ ನಾನು ಇಲ್ಲಿಯ ಶಿಕ್ಷಕರ ಪರೀಕ್ಷೆ ಪಾಸು ಮಾಡಿ, ಅದೇ ಶಾಲೆಯಲ್ಲಿ ಸಂಬಳದ ಟೀಚರ್ ಆದೆ.

ನಮ್ಮ ಮೇಜಿನಿಂದ ಆ ದೇಶದಲ್ಲಿ ಏನೂ ಬದಲಾಗಲಿಲ್ಲ, ನಾನು ಹಾಗೆ ಹೇಳಿಕೊಳ್ಳುವುದೂ ಇಲ್ಲ. ಸುದ್ದಿ ಕೆಟ್ಟದ್ದರಿಂದ ಇನ್ನೂ ಕೆಟ್ಟದ್ದಕ್ಕೆ ಹೋಯಿತು. ಊಟಕ್ಕೆ ಕರೆದ ಮನೆಗಳಲ್ಲಿ ಆ ಮಾತು ಬಂದರೆ ಯಾರಾದರೂ ಒಂದು ವರ್ಷ ಹೇಳಿ, ಅಲ್ಲಿಂದಲೇ ಎಲ್ಲ ಶುರುವಾಯಿತು ಎಂದು ಕೈ ತೊಳೆದುಕೊಳ್ಳುತ್ತಾರೆ. ಆಗ ನಾನು ತಟ್ಟೆ ಕೆಳಗಿಟ್ಟು ಇಬ್ಬರು ಮಕ್ಕಳ ಬಗ್ಗೆ ಹೇಳುತ್ತೇನೆ. ಬಿಸಿಲಿನಲ್ಲಿ ನಡೆದ ಹುಡುಗಿ, ಡೇರೆಯಲ್ಲಿ ಮಲಗಿದ ಹುಡುಗ. ಯಾರು ಓಡಿಸಿದರು, ಯಾರು ಕಿತ್ತುಕೊಂಡರು ಎಂಬುದನ್ನೂ ಹೆಸರಿಸಿಯೇ ಹೇಳುತ್ತೇನೆ. ಊಟ ಆರುತ್ತದೆ. ಆದರೂ ಯಾರೂ ಎದ್ದು ಹೋಗುವುದಿಲ್ಲ. ಇತಿಹಾಸ ಕಲಿಸುವವಳು ನಾನು, ಕೂತು ಕೇಳುವಂತೆ ಹೇಳುವುದು ನನಗೆ ಬರುತ್ತದೆ.